ತಪ್ಪು ಅಳತೆಗಿಂತ ಅಳೆಯದಿರುವುದೇ ವಾಸಿ

ಆಗಸ್ಟ್ 23 ಬಂತೆಂದರೆ ಫೇಸ್‌ಬುಕ್ಕಿನಲ್ಲಿ ಅಂದು ಹುಟ್ಟಿದ ಹವಾಮಾನ ವಿಜ್ಞಾನಿ ಅನ್ನಾ ಮಣಿ ಅವರ ಫೋಟೊ ಓಡಾಡತೊಡಗುತ್ತದೆ. 2022ರಲ್ಲಿ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದ ಮೇಲಂತೂ ಇದು ವಾರ್ಷಿಕ ವ್ರತವೇ ಆಗಿಹೋಗಿದೆ. ಫೋಟೊದ ಕೆಳಗೆ ಬರುವ ಸಂಗತಿಗಳೂ ಗೊತ್ತಿದ್ದವೇ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ಕೊಡಲು ಬಂದ ವಜ್ರದ ಓಲೆ ಬೇಡವೆಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿದ್ದು, ಸಿ.ವಿ. ರಾಮನ್ ಅವರ ಶಿಷ್ಯೆಯಾಗಿದ್ದು, ಡಾಕ್ಟರೇಟ್ ಸಿಗದೇ ಹೋದದ್ದು. ಓಲೆ ಬೇಡವೆಂದ ಹುಡುಗಿ ಮುಂದೆ ವಜ್ರಗಳ ಮೇಲೆಯೇ ಸಂಶೋಧನೆ ಮಾಡಿದಳು ಎಂಬ ಚಮತ್ಕಾರವನ್ನು ಯಾರಾದರೂ ಒಬ್ಬರು ತಪ್ಪದೆ ಸೇರಿಸುತ್ತಾರೆ. ಅಲ್ಲಿಗೆ ಮುಗಿಯಿತು. ಅವರು ಸುಮಾರು ಮೂವತ್ತು ವರ್ಷ ಹವಾಮಾನ ಇಲಾಖೆಯಲ್ಲಿ ಮತ್ತು ಅಲ್ಲಿಂದಾಚೆ ಮಾಡಿದ ಕೆಲಸಕ್ಕೆ ಒಂದು ಸಾಲೂ ಮೀಸಲಿಲ್ಲ.

ಕಳೆದ ವಾರ ಹಳೆಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಕೇಳಿದರು: "ಎಲ್ಲ ಸರಿ ಮಾರಾಯರೇ, ಆದರೆ ಅವರು ಕಂಡುಹಿಡಿದದ್ದಾದರೂ ಏನು?" ಕೇಳಿದವರೂ ಭೌತವಿಜ್ಞಾನ ಪಾಠ ಮಾಡಿದವರೇ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಏನೋ ಎರಡು ಮಾತು ತೊದಲಿ ಫೋನಿಟ್ಟೆ. ಇದು ಆ ದಿನ ಕೊಡಬೇಕಿದ್ದ ಉತ್ತರ. ಉದ್ದವಾಗುತ್ತದೆ, ಪುರುಸೊತ್ತಿದ್ದರೆ ಓದಿ.

ಮೊದಲು ನನ್ನದೇ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಪಿಯುಸಿ ಮಕ್ಕಳಿಗೆ ಪ್ರಾಕ್ಟಿಕಲ್ ನಡೆಯುತ್ತಿತ್ತು. ಸರಳ ಲೋಲಕದ ಪ್ರಯೋಗ: ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವುದು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಸ್ಟಾಪ್‌ವಾಚಿನಲ್ಲಿ ನೋಡುವುದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಉತ್ತರ 9.8 ಬರಬೇಕು. ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ 9.8 ಬರುತ್ತಿತ್ತು. ಗುಂಡು ನೆಟ್ಟಗೆ ತೂಗದವರಿಗೂ, ಸ್ಟಾಪ್‌ವಾಚ್ ಕೆಟ್ಟುಹೋದವರಿಗೂ, ಆ ದಿನ ಗೈರುಹಾಜರಾದವರಿಗೂ ಬರುತ್ತಿತ್ತು. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಬರೆಯುವುದನ್ನು ಸೀನಿಯರುಗಳು ಜೂನಿಯರುಗಳಿಗೆ ಕಲಿಸಿ ಹೋಗುತ್ತಿದ್ದರು. ನಮಗೆಲ್ಲ ಗೊತ್ತಿತ್ತು. ಸಹಿ ಹಾಕುತ್ತಿದ್ದೆವು.

ಒಬ್ಬ ಹುಡುಗಿಗೆ ಮಾತ್ರ 10.86 ಬಂತು. ರೆಕಾರ್ಡ್ ಪುಸ್ತಕ ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ನಾನು ಕಣ್ಣಾಡಿಸಿ, "ಇದನ್ನು ಸರಿಮಾಡಿಕೊಂಡು ಬಾ" ಎಂದೆ.

"ಮೂರು ಸಲ ಮಾಡಿದೆ ಸರ್. ದಾರದ ಉದ್ದವನ್ನೂ ಬದಲಾಯಿಸಿ ನೋಡಿದೆ. ಇಷ್ಟೇ ಬರುತ್ತಿದೆ."

"ಹಾಗಾದರೆ ಪಕ್ಕದವರ ರೀಡಿಂಗ್ ನೋಡು" ಎಂದೆ. ಹೌದು, ಮೇಷ್ಟರಾಗಿದ್ದವನು ಹಾಗೆ ಹೇಳಿದೆ. ಗಂಟೆ ನಾಲ್ಕೂವರೆಯಾಗಿತ್ತು, ಬಸ್ಸಿನ ಹೊತ್ತು.

ಅವಳು ಕದಲಲಿಲ್ಲ. ಕಪಾಟಿನ ಬಳಿ ನಿಂತಿದ್ದ ನಮ್ಮ ಅಟೆಂಡರ್ ಅವಳನ್ನು ಇನ್ನೊಮ್ಮೆ ಮಾಡಲು ಹೇಳಿ ನೋಡುತ್ತ ನಿಂತರು. ಗುಂಡು ಬಿಟ್ಟಳು, ಸ್ಟಾಪ್‌ವಾಚ್ ಒತ್ತಿದಳು, ಒತ್ತುವಾಗಲೇ "ಒಂದು" ಎಂದಳು. "ಅಲ್ಲೇ ಇದೆ ನೋಡಿ ಸರ್," ಎಂದರು ಅಟೆಂಡರ್, "ಸೊನ್ನೆಯಿಂದ ಎಣಿಸಬೇಕು. ಇವಳದು ಇಪ್ಪತ್ತಲ್ಲ, ಹತ್ತೊಂಬತ್ತು."

ಲೆಕ್ಕ ಮಾಡಿ ನೋಡಿ, ತಾಳೆಯಾಗುತ್ತದೆ. ಇಪ್ಪತ್ತನ್ನು ಹತ್ತೊಂಬತ್ತರಿಂದ ಭಾಗಿಸಿ, ವರ್ಗ ಮಾಡಿ, 9.8ರಿಂದ ಗುಣಿಸಿದರೆ ಬರುವುದು 10.86. ದಾರ ಉದ್ದವಿರಲಿ ಗಿಡ್ಡವಿರಲಿ, ಬರುವುದು ಅಷ್ಟೇ. ಹುಡುಗಿ ಎಣಿಸಿದ್ದು ತಪ್ಪು, ಬರೆದದ್ದು ನಿಜ. ಬರೆದದ್ದು ನಿಜವಾದ್ದರಿಂದಲೇ ಎಣಿಸಿದ್ದರ ತಪ್ಪು ಸಿಕ್ಕಿತು. ಪಕ್ಕದ ಮೇಜಿನ 9.8ರ ಒಳಗೆ ಅದೆಷ್ಟು ತಪ್ಪುಗಳು ಹೂತುಹೋಗಿದ್ದವೋ, ಅವನ್ನು ಇನ್ನು ಯಾರೂ ಅಗೆದು ತೆಗೆಯಲಾರರು.

ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ವಾಸಿ ಎನ್ನುವುದು ಅನ್ನಾ ಮಣಿ ಅವರ ನಂಬಿಕೆಯಾಗಿತ್ತು. ಇದನ್ನು ಮೊದಲ ಸಲ ಓದಿದಾಗ ಕಚೇರಿಯ ಗೋಡೆಗೆ ಅಂಟಿಸುವ ಬುದ್ಧಿವಾದದಂತೆ ಕಂಡಿತ್ತು. 10.86ರ ನೆನಪಿನೊಂದಿಗೆ ಓದಿದಾಗ ಬೆನ್ನಿನ ಮೇಲೆ ಒಂದು ಪೆಟ್ಟು ಬಿದ್ದ ಹಾಗಾಯಿತು.

ಈ ನಂಬಿಕೆ ಎಲ್ಲಿ ಮೊಳೆಯಿತು ಎಂದು ಹುಡುಕಿದರೆ ನನ್ನ ಕಣ್ಣಿಗೆ ಬೀಳುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾತ್ರಿಗಳು. ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ವಜ್ರ ಮತ್ತು ಮಾಣಿಕ್ಯಗಳ ಮೇಲೆ ಬೆಳಕು ಬಿಟ್ಟರೆ ಅವು ತಮ್ಮದೇ ಬಣ್ಣದ ಬೆಳಕನ್ನು ಹೊರಸೂಸುತ್ತವೆ. ಆ ಪ್ರತಿದೀಪ್ತಿಯ ರೋಹಿತವನ್ನು, ಎಂದರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಂಡ ಪಟ್ಟಿಯನ್ನು, ದಾಖಲಿಸುವುದು ಅವರ ಕೆಲಸ. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಹೊರಡುವ ಬೆಳಕು ಅದೆಷ್ಟು ಮಂಕಾಗಿರುತ್ತಿತ್ತೆಂದರೆ ಛಾಯಾಚಿತ್ರ ಫಲಕದ ಮೇಲೆ ಗೆರೆ ಮೂಡಲು ಹದಿನೈದಿಪ್ಪತ್ತು ಗಂಟೆ ಬೇಕು. ಸ್ಫಟಿಕವನ್ನು ದ್ರವಗಾಳಿಯ ಚಳಿಯಲ್ಲಿ ಇಡಬೇಕು, ಬೆಳಕಿನ ಮೂಲ ನಂದಬಾರದು, ಜೋಡಣೆ ಕೂದಲೆಳೆಯಷ್ಟೂ ಕದಲಬಾರದು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗುತ್ತಿದ್ದರು.

ಬೆಳಗ್ಗೆ ಫಲಕವನ್ನು ತೊಳೆದು ನೋಡಿದಾಗ ಮಸುಕಾಗಿದ್ದರೆ ಆ ಹಗಲು, ಆ ರಾತ್ರಿ ಎರಡೂ ದಂಡ. ಇನ್ನೊಮ್ಮೆ ಶುರು. ಪೆನ್ಸಿಲಿನಿಂದ ಗೆರೆ ತಿದ್ದಲು ಅಲ್ಲಿ ಜಾಗವಿಲ್ಲ. ಹೀಗೆ ಐದು ವರ್ಷ ಕಾದವರಿಗೆ ಅಂಕಿಯ ಬೆಲೆ ಬೇರೆಯೇ ಆಗಿರುತ್ತದೆ. 1942ರಿಂದ 1945ರ ನಡುವೆ ಐದು ಪ್ರಬಂಧಗಳನ್ನು ಅವರೊಬ್ಬರದೇ ಹೆಸರಿನಲ್ಲಿ ಪ್ರಕಟಿಸಿದರು. 1945ರ ಆಗಸ್ಟ್‌ನಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಪಿಎಚ್.ಡಿ. ಕೊಡಲಿಲ್ಲ. ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ. ಈ ಅನ್ಯಾಯದ ಬಗ್ಗೆ ನಾವು ಪ್ರತಿವರ್ಷ ಕುದಿಯುತ್ತೇವೆ, ಕುದಿಯಬೇಕಾದದ್ದೇ. ಪದವಿ ಇಲ್ಲದ್ದು ತಮ್ಮ ಬದುಕನ್ನೇನೂ ಬದಲಿಸಲಿಲ್ಲ ಎಂಬಂತೆ ಅವರು ಮಾತ್ರ ಮುಂದೆ ನಡೆದುಬಿಟ್ಟರು.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಬಯಸಿದ್ದು ಭೌತವಿಜ್ಞಾನ, ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ವಜ್ರದ ರೋಹಿತದಿಂದ ಮಳೆಮಾಪಕಕ್ಕೆ! ನಮ್ಮಲ್ಲಿ ಅನೇಕರು ಇದನ್ನು ಮೇಲಿನಿಂದ ಕೆಳಗೆ ಇಳಿದದ್ದೆಂದೇ ತಿಳಿಯುತ್ತಿದ್ದೆವು. 1948ರಲ್ಲಿ ಮರಳಿ ಬಂದು ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಅದುವರೆಗೆ ಸಣ್ಣಪುಟ್ಟ ಉಪಕರಣಗಳೂ ಹೊರದೇಶದಿಂದ ಬರುತ್ತಿದ್ದವು. ಖಾದಿ ಉಡುತ್ತಿದ್ದ ಈ ಹೆಣ್ಣುಮಗಳು ಅವನ್ನು ಇಲ್ಲಿಯೇ ತಯಾರಿಸಬೇಕೆಂದು ಹೊರಟರು. ವಿಭಾಗದ ಮುಖ್ಯಸ್ಥೆಯಾದಾಗ ಅವರ ಕೈಕೆಳಗಿದ್ದವರು 121 ಮಂದಿ ಗಂಡಸರು. ಸುಮಾರು ನೂರು ಉಪಕರಣಗಳ ನಕಾಶೆಗಳನ್ನು ಅವರು ಸಿದ್ಧಪಡಿಸಿ ಒಂದು ಮಾನಕಕ್ಕೆ ತಂದರು.

ನಕಾಶೆ ಬರೆಯುವುದರಲ್ಲಿ ಏನು ವಿಜ್ಞಾನ ಎಂದು ಕೇಳುವವರಿಗೆ ಒಂದು ಮಳೆಮಾಪಕವನ್ನು ತೋರಿಸಬೇಕು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. ಮಾಪಕದ ಬಾಯಿ ಹೇಳಿದ್ದಕ್ಕಿಂತ ಒಂದಿಷ್ಟು ಅಗಲವಾದರೂ ಬರುವ ಪ್ರತಿ ಅಂಕಿಯೂ ಸುಳ್ಳು. ಅಂಚು ಹರಿತವಾಗಿಲ್ಲದಿದ್ದರೆ ಹನಿ ಒಳಕ್ಕೋ ಹೊರಕ್ಕೋ ಸಿಡಿಯುತ್ತದೆ. ಕಾರವಾರದ ಮಾಪಕ ಒಂದು ಅಳತೆಯದು, ಕಲಬುರಗಿಯದು ಇನ್ನೊಂದು ಅಳತೆಯದು ಆದರೆ ಎರಡು ಊರಿನ ಮಳೆಯನ್ನು ಹೋಲಿಸಿ ನೀವು ಬರೆದದ್ದೆಲ್ಲ ತಗಡು ಕೆಲಸದವನ ಕೈಚಳಕವನ್ನು ಕುರಿತ ಸಂಶೋಧನೆ, ಮಳೆಯನ್ನು ಕುರಿತದ್ದಲ್ಲ. ದೇಶಕ್ಕೆಲ್ಲ ಒಂದೇ ನಕಾಶೆ ಬೇಕಾದದ್ದು ಅದಕ್ಕೆ.

ಬಿಸಿಲಿನ ಕಥೆ ಇನ್ನೂ ಸೊಗಸು. ಹಳೆಯ ಹವಾಮಾನ ಕೇಂದ್ರಗಳಲ್ಲಿ ಕಿತ್ತಳೆ ಹಣ್ಣಿಗಿಂತ ತುಸು ದೊಡ್ಡದಾದ ಗಾಜಿನ ಗೋಲವೊಂದು ಕೂತಿರುತ್ತದೆ. ಹಿಂದೆ ಬಾಗಿದ ಲೋಹದ ತಟ್ಟೆ, ಅದರೊಳಗೆ ಗಂಟೆಗಳನ್ನು ಗುರುತು ಹಾಕಿದ ರಟ್ಟಿನ ಪಟ್ಟಿ. ಸೂರ್ಯನ ಬೆಳಕು ಗೋಲದಲ್ಲಿ ಹಾದು ಪಟ್ಟಿಯನ್ನು ಸುಡುತ್ತದೆ. ಸೂರ್ಯ ಸರಿದಂತೆ ಸುಟ್ಟ ಗೆರೆಯೂ ಸರಿಯುತ್ತದೆ, ಮೋಡ ಮುಚ್ಚಿದಾಗ ಗೆರೆ ಕಡಿಯುತ್ತದೆ. ಸಂಜೆ ಪಟ್ಟಿಯನ್ನು ಹೊರತೆಗೆದರೆ ಆ ದಿನದ ಆಕಾಶ ನಿಮ್ಮ ಅಂಗೈಯಲ್ಲಿ ಇರುತ್ತದೆ, ಸುಟ್ಟ ವಾಸನೆಯ ಸಮೇತ. ನಾನು ಒಮ್ಮೆ ಅಂಥ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೇನೆ. ಮಧ್ಯಾಹ್ನ ಎರಡರ ಹತ್ತಿರ ಚುಕ್ಕಿ ಚುಕ್ಕಿಯಾಗಿ ಕಂದಿದ ಒಂದು ಕಡೆ ಇತ್ತು, ಬಿಡಿ ಮೋಡಗಳ ಮಂದೆ ಹಾದುಹೋದ ಗುರುತು.

ಆದರೆ ಈ ಚೆಲುವಾದ ಯಂತ್ರ ಬಿಸಿಲು ಎಷ್ಟು ಹೊತ್ತು ಇತ್ತೆಂದು ಹೇಳುತ್ತದೆಯೇ ಹೊರತು ಎಷ್ಟು ಇತ್ತೆಂದು ಹೇಳುವುದಿಲ್ಲ. ಅದಕ್ಕೆ ಪೈರನೋಮೀಟರ್ ಬೇಕು. ಕಪ್ಪು ಬಳಿದ ಪುಟ್ಟ ತಟ್ಟೆ, ಮೇಲೆ ಗಾಜಿನ ಗುಮ್ಮಟ. ಕಾದ ಕಪ್ಪು ಭಾಗಕ್ಕೂ ಕಾಯದ ಭಾಗಕ್ಕೂ ಇರುವ ಉಷ್ಣತೆಯ ವ್ಯತ್ಯಾಸ ಕೆಲವೇ ಮಿಲಿವೋಲ್ಟ್ ವಿದ್ಯುತ್ತಾಗಿ ಹೊರಬರುತ್ತದೆ. ನಿರಭ್ರ ಮಧ್ಯಾಹ್ನ ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಸುರಿಯುತ್ತಿದ್ದರೂ ತಂತಿಯಲ್ಲಿ ಬರುವುದು ಅಷ್ಟೇ. ಗುಮ್ಮಟದ ಮೇಲೆ ದೂಳು ಕೂತರೆ ಬಿಸಿಲು ಕಡಿಮೆಯಾಯಿತು ಎನ್ನುತ್ತದೆ. ಕಾಗೆ ಹಿಕ್ಕೆ ಹಾಕಿದರೆ ಇನ್ನೂ ಕಡಿಮೆ. ವರ್ಷಗಳು ಕಳೆದಂತೆ ಕಪ್ಪು ಬಣ್ಣವೇ ಮಾಸುತ್ತದೆ, ಯಂತ್ರ ಮುದಿಯಾಗುತ್ತದೆ, ನಾವು ಸೂರ್ಯನೇ ಮಂಕಾದ ಎಂದುಕೊಳ್ಳುತ್ತೇವೆ. ಅದಕ್ಕೇ ಒರೆಸುತ್ತಿರಬೇಕು, ಪದೇ ಪದೇ ಮಾನಕದ ಪಕ್ಕದಲ್ಲಿಟ್ಟು ಹೋಲಿಸುತ್ತಿರಬೇಕು. ಹಲವು ದೇಶಗಳು ಒಟ್ಟಾಗಿ ಭೂಮಿಯನ್ನು ಅಳೆಯಲು ಹೊರಟ 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಭಾರತದಲ್ಲಿ ಸೌರ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಕಟ್ಟಿದವರು ಅನ್ನಾ ಮಣಿ. ಆ ಅಂಕಿಗಳೆಲ್ಲ 1980ರ ದಶಕದ ಆರಂಭದಲ್ಲಿ ದಪ್ಪ ಗ್ರಂಥಗಳಾಗಿ ಹೊರಬಂದವು. ಕತೆಯಿಲ್ಲ, ಬರೀ ಕೋಷ್ಟಕ, ಯಾರೂ ಹಾಸಿಗೆಯಲ್ಲಿ ಮಲಗಿ ಓದುವ ಪುಸ್ತಕಗಳಲ್ಲ. ಪಾವಗಡದಲ್ಲಿ ಈಗ 2,050 ಮೆಗಾವಾಟ್‌ನ ಸೌರ ಉದ್ಯಾನ ಹರಡಿಕೊಂಡಿದೆ. ಬಿಸಿಲಿಗೆ ಇಂಥ ಬೆಲೆ ಬರುವ ಎಷ್ಟೋ ಮೊದಲೇ ಅದನ್ನು ಅಳೆದಿಡಬೇಕು ಎಂದುಕೊಂಡವರೊಬ್ಬರಿದ್ದರು.

ಗಾಳಿಯಲ್ಲಿ ತಪ್ಪಿದರೆ ಆಗುವ ನಷ್ಟ ಇನ್ನೂ ದೊಡ್ಡದು. ಗಾಳಿಯಿಂದ ಸಿಗುವ ಶಕ್ತಿ ಅದರ ವೇಗದ ಘನದಂತೆ ಏರುತ್ತದೆ. ಸೆಕೆಂಡಿಗೆ ಐದು ಮೀಟರ್ ಇರುವ ಗಾಳಿಯನ್ನು ನಿಮ್ಮ ಮಾಪಕ ಐದೂವರೆ ಎಂದಿತೆನ್ನಿ. ವೇಗದಲ್ಲಿ ಹತ್ತು ಶೇಕಡ ತಪ್ಪು, ಶಕ್ತಿಯಲ್ಲಿ ಮೂವತ್ತಮೂರು ಶೇಕಡ. ಗಾಳಿ ಬಿಟ್ಟು ಬಿಟ್ಟು ಬೀಸುವ ಕಡೆ ಮಾಪಕದ ಬಟ್ಟಲುಗಳು ಬೇಗನೆ ವೇಗ ಪಡೆದು ನಿಧಾನವಾಗಿ ಇಳಿಯುತ್ತವೆ, ಆಗ ಹೆಚ್ಚು ತೋರಿಸುತ್ತವೆ. ಬೇರಿಂಗಿಗೆ ದೂಳು ಸೇರಿದರೆ ಕಡಿಮೆ ತೋರಿಸುತ್ತವೆ. ಅಳತೆಯೇ ಇಲ್ಲದಿದ್ದರೆ ಮನುಷ್ಯ, "ಗೊತ್ತಿಲ್ಲ, ಮೊದಲು ಅಳೆಯೋಣ" ಎನ್ನುತ್ತಾನೆ. ತಪ್ಪು ಅಳತೆ ಕೈಯಲ್ಲಿದ್ದರೆ ಸಾಲ ಮಾಡಿ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಾನೆ. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಅವರು ಕೈಹಾಕಿದ್ದು ಈ ಕೆಲಸಕ್ಕೆ. ದೇಶದ ನೂರಾರು ಕಡೆ ಗಾಳಿಯನ್ನು ಅಳೆಸಿದರು. ಗಾಳಿಯ ವೇಗ ಮತ್ತು ಸೌರಶಕ್ತಿಯನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣದೊಂದು ಘಟಕವನ್ನು ಬೆಂಗಳೂರಿನಲ್ಲಿ ತೆರೆದರು. ನಿವೃತ್ತಿಯ ನಂತರ ಬೆಳಗಿನ ವಾಕಿಂಗಿಗಷ್ಟೇ ಹೊರಬೀಳುವ ನನ್ನಂಥವರು ಇದನ್ನು ಓದಿ ಸುಮ್ಮನಾಗುವುದು ಕ್ಷೇಮ.

ಈಗ ಗೆಳೆಯರ ಪ್ರಶ್ನೆ: ಕಂಡುಹಿಡಿದದ್ದೇನು?

ಫೆಬ್ರವರಿ 28 ಬಂದರೆ ಶಾಲೆಶಾಲೆಯಲ್ಲಿ ವಿಜ್ಞಾನ ದಿನದ ಭಾಷಣ. 1928ರಲ್ಲಿ ಅದೇ ದಿನ ರಾಮನ್ ಪರಿಣಾಮದ ಪ್ರಕಟಣೆ. ಮೇ 20 ವಿಶ್ವ ಮಾಪನ ದಿನವೆಂದು ಎಷ್ಟು ಜನಕ್ಕೆ ಗೊತ್ತು? ನನಗೂ ನಿವೃತ್ತಿಯಾಗುವವರೆಗೆ ಗೊತ್ತಿರಲಿಲ್ಲ. ಆವಿಷ್ಕಾರವೆಂದರೆ ಒಂದು ದಿನ, ಒಂದು ಕ್ಷಣ, ಒಬ್ಬ ಮನುಷ್ಯ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅಂಟಾರ್ಕ್ಟಿಕದ ಓಜೋನ್ ರಂಧ್ರ ಸಿಕ್ಕ ಬಗೆಯನ್ನು ನೋಡಿ. ಹ್ಯಾಲಿ ಎಂಬ ಬ್ರಿಟಿಷ್ ನೆಲೆ ಹುಟ್ಟಿದ್ದೇ ಅದೇ ಭೂಭೌತ ವರ್ಷಕ್ಕಾಗಿ. ಅಲ್ಲಿ ವರ್ಷ ವರ್ಷವೂ ಓಜೋನ್ ಅಳೆದರು. ದಶಕಗಟ್ಟಲೆ ಬೇಸರದ ಕೆಲಸ. ಅಂಕಿಗಳು ಇಳಿಯತೊಡಗಿದಾಗ ಅಲ್ಲಿನವರು ತಮ್ಮ ಉಪಕರಣವನ್ನೇ ಮೊದಲು ಸಂಶಯಿಸಿ ಪರೀಕ್ಷಿಸಿ, ಕೊನೆಗೆ 1985ರಲ್ಲಿ ಲೋಕಕ್ಕೆ ಹೇಳಿದರು. ಮೇಲೆ ಹಾರುತ್ತಿದ್ದ ಉಪಗ್ರಹವೂ ಆ ಕಡಿಮೆ ಅಂಕಿಗಳನ್ನು ಕಂಡಿತ್ತು, ಆದರೆ ಅವು ಸಂಶಯಾಸ್ಪದವೆಂಬ ಗುರುತು ಹೊತ್ತು ಪಕ್ಕಕ್ಕೆ ಸರಿದಿದ್ದವು. ನಮ್ಮ ಲ್ಯಾಬಿನ 10.86ರ ಹಾಗೆ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿದ್ದೂ 1958ರಲ್ಲಿ. ಅಂದು ಗಾಳಿಯ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ, ಇಂದು 420 ದಾಟಿದೆ. ಇದರಲ್ಲಿ ಆವಿಷ್ಕಾರದ ದಿನ ಯಾವುದೆಂದು ಗುರುತಿಸುತ್ತೀರಿ?

ಅನ್ನಾ ಮಣಿ ಆ ಪೀಳಿಗೆಯವರು. ಬಲೂನಿಗೆ ಕಟ್ಟಿ ಮೇಲಕ್ಕೆ ಕಳುಹಿಸಿ ಓಜೋನ್ ಅಳೆಯುವ ಉಪಕರಣವನ್ನು 1960ರ ದಶಕದಲ್ಲಿ ಭಾರತದಲ್ಲೇ ಸಿದ್ಧಪಡಿಸಿದ್ದರಲ್ಲಿ ಅವರದೇ ಮುಂದಾಳತ್ವ. ಬಾಹ್ಯಾಕಾಶ ಕಾರ್ಯಕ್ರಮದ ರೂವಾರಿ ವಿಕ್ರಂ ಸಾರಾಭಾಯಿ ಕೇಳಿಕೊಂಡಾಗ ಕೇರಳದ ತುಂಬಾ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನು ಕಟ್ಟಿಕೊಟ್ಟರು. ರಾಕೆಟ್ಟಿನ ಚಿತ್ರ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಹಾರಿಸುವ ಮುನ್ನ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡುವ ಗೋಪುರದ ಚಿತ್ರವನ್ನು ನಾನು ಕಂಡಿಲ್ಲ.

ಒಂದು ವಿಷಯದಲ್ಲಿ ನನಗೆ ಅವರೊಂದಿಗೆ ಜಗಳವಿದೆ. ಹೆಣ್ಣಾಗಿದ್ದರಿಂದ ತಮಗೆ ತೊಂದರೆಯಾಯಿತೇ ಎಂದು ಕೇಳಿದವರಿಗೆ, ಆ ಮಾತೇ ದೊಡ್ಡದಲ್ಲ, ಅದರಿಂದ ತಮ್ಮ ಆಯ್ಕೆಗಳೇನೂ ಬದಲಾಗಲಿಲ್ಲ ಎಂದುಬಿಡುತ್ತಿದ್ದರು. ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಿದ್ದಾರೆ: ಉಪಕರಣ ಹಿಡಿಯುವಾಗ ಹೆಣ್ಣು ಒಂದಿಷ್ಟು ಎಡವಿದರೆ ಸಾಕು, ಹೆಂಗಸರ ಕೈಲಾಗದ ಕೆಲಸವಿದು ಎಂದು ಕೆಲವು ಗಂಡಸರು ಸಾರುತ್ತಿದ್ದರಂತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನನ್ನ ಊಹೆ ಇಷ್ಟು: ನಿಖರತೆಯ ಮೇಲಿನ ಅವರ ಹಟದಲ್ಲಿ ಒಂದು ಪಾಲು ಸ್ವಭಾವದ್ದು, ಇನ್ನೊಂದು ಪಾಲು ಈ ಅನುಭವದ್ದು. ಗಂಡಸಿನ ತಪ್ಪು ರೀಡಿಂಗ್ ಬರೀ ತಪ್ಪು ರೀಡಿಂಗ್. ಹೆಣ್ಣಿನದು ಇಡೀ ಕುಲದ ಲೆಕ್ಕಕ್ಕೆ ಬೀಳುತ್ತಿತ್ತು. ಅವರು ಒಪ್ಪುತ್ತಿರಲಿಲ್ಲ, ಬಿಡಿ. ಪುರಾವೆ ಎಲ್ಲಿ ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಇಲ್ಲ.

2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು, ಎಂಬತ್ತಮೂರು ತುಂಬಲು ಒಂದು ವಾರ ಇರುವಾಗ.

ನಾನು ಎರಡು ವರ್ಷದಿಂದ ಮನೆಯಲ್ಲಿ ಒಂದು ಮಳೆಮಾಪಕ ಇಟ್ಟುಕೊಂಡಿದ್ದೇನೆ. ಮೊದಲು ತಾರಸಿಯ ಗೋಡೆಯ ಪಕ್ಕದಲ್ಲಿತ್ತು. ಗೋಡೆ ಮಳೆಯನ್ನು ಮರೆಮಾಡುತ್ತದೆ ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳ ಅಂಕಿಗಳ ಮೇಲೆ ಅಡ್ಡಗೆರೆ ಎಳೆದು, ಹಿತ್ತಿಲಿನ ಬಯಲಿಗೆ ಒಯ್ದಿಟ್ಟೆ. ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಬರೆಯುತ್ತೇನೆ. ಹೋದ ಜುಲೈಯಲ್ಲಿ ಮದುವೆಯೊಂದಕ್ಕೆ ಮೂರು ದಿನ ಊರಲ್ಲಿರಲಿಲ್ಲ, ಆ ಮೂರು ದಿನವೂ ಜೋರು ಮಳೆ. ವಾಪಸು ಬಂದಾಗ ಮಾಪಕ ತುಂಬಿ ಹೊರಚೆಲ್ಲಿತ್ತು. "ಹತ್ತಿರದ ಕೇಂದ್ರದ ಅಂಕಿ ಮೊಬೈಲಿನಲ್ಲೇ ಸಿಗುತ್ತದಲ್ಲ ಅಪ್ಪ, ಅದನ್ನೇ ಬರೆದುಬಿಡು, ಪುಟ ತುಂಬುತ್ತದೆ" ಎಂದಳು ಮಗಳು. ಪೆನ್ನು ಹಿಡಿದು ಒಂದು ಗಳಿಗೆ ಕೂತೆ. ಆಮೇಲೆ ಪುಟದ ಮೂರು ಮನೆಗಳಲ್ಲಿ ಮೂರು ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಅಳೆದಿಲ್ಲ" ಎಂದು ಬರೆದೆ.